ಸಾಕಮ್ಮ ಸೇದಿದ ನೀರು

ನಾನು ಮೊದಲಿನಿಂದಲೂ ಅನುಮಾನದ ಹೆಂಗಸು. ಹಾಲಿನವನು ಮನೆ ಮುಂದೆ ಹಸು ನಿಲ್ಲಿಸಿ ಎದುರಿಗೇ ಕರೆದುಕೊಟ್ಟರೂ ಪಾತ್ರೆಯ ತಳ ಬಗ್ಗಿ ನೋಡುವ ಜಾತಿ. ದೆವ್ವ, ಪವಾಡ, ಕೈಗುಣ ಅಂತ ಯಾರಾದರೂ ಶುರುಮಾಡಿದರೆ, ಸಾಕು ಬಿಡ್ರೀ ಅಂತ ಎದ್ದುಹೋಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದುಹೋದರೂ ನನಗೆ ಬೇಜಾರಿಲ್ಲ.

ತೊಂಬತ್ತರ ದಶಕದ ಕೊನೆ. ಮೈಸೂರಿನ ಸುತ್ತ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲ. ನಾನು ಜಯಲಕ್ಷ್ಮಿಪುರಂನ ಒಂದು ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುತ್ತಿದ್ದೆ. ಊರಾಚೆ ಹೊಸ ಬಡಾವಣೆಯೊಂದಕ್ಕೆ ಜಾಗ ನೋಡಿದ್ದರು. ಅಲ್ಲಿನ ಮಣ್ಣಿನಲ್ಲಿ, ಬಾವಿ ನೀರಿನಲ್ಲಿ ನೈಟ್ರೇಟ್ ಎಷ್ಟಿದೆಯೆಂದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಾವಿಯ ಪಕ್ಕದಲ್ಲೇ ಹಳೇ ಕಾಲದ ದೊಡ್ಡ ತಿಪ್ಪೆ. ಗೊಬ್ಬರದಲ್ಲಿ ಹುಟ್ಟುವ ಈ ನೈಟ್ರೇಟ್ ಬಾವಿಗೂ ಇಳಿದಿರಬೇಕೆಂದು ಅಲ್ಲಿಯ ಮಣ್ಣು ನೋಡಿದಾಗಲೇ ಸಂಶಯ ಬಂದಿತ್ತು. ನೀರಿಗೆ ಆಸಿಡ್, ಅಮೋನಿಯಾ ಹಾಕಿ ನೋಡಿದರೆ ನೈಟ್ರೇಟ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ನಾನು ಸೇದಿ ತಂದ ನೀರು ಅರಿಸಿನ ಕದಡಿದ ಹಾಗಾಯಿತು.

ದೊಡ್ಡವರು ಹೇಗೋ ತಡೆದುಕೊಂಡಾರು. ಆದರೆ ಆ ಜಾಗ ಕಾಯುತ್ತಿದ್ದ ಸಾಕಮ್ಮನ ಗುಡಿಸಲಿನಲ್ಲಿ ಅವಳ ಮಗಳ ಎಳೇ ಕೂಸಿತ್ತು. ತಾಯಿಗೆ ಎದೆಹಾಲು ಸಾಲದೆ, ಡಬ್ಬದ ಹಾಲುಪುಡಿಯನ್ನು ಇದೇ ಬಾವಿ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. ಇಂಥ ನೀರು ಹಸುಗೂಸಿನ ರಕ್ತ ಕೆಡಿಸಿ ಮೈ ನೀಲಿಗಟ್ಟಿಸುತ್ತದೆ; ಕಾಯಿಸಿದರೂ ಹೋಗುವುದಿಲ್ಲ. ಎದ್ದೆನೋ ಬಿದ್ದೆನೋ ಎಂದು ಹೋಗಿ ಹೇಳಿದೆ. ಸಾಕಮ್ಮ ಒಪ್ಪಲಿಲ್ಲ.

“ಮಗೀಗೆ ಆಲ್ ಕಲ್ಸೋ ನೀರ ನಾನೇ ಸೇದೋದು ಕಣ್ರವ್ವ. ಅದ್ನ ತಗಂಡೋಗಿ ನೋಡಿ,” ಅಂದಳು.

ಅವಳು ಕೊಟ್ಟ ನೀರಿನಲ್ಲಿ ಹಳದಿಯ ಸುಳಿವೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಬಾವಿ ಚೆನ್ನಾಗಿದೆಯೆಂದು ವರದಿ ಬಂದರೆ ಬಡಾವಣೆ ಮಾಡುವವರಿಗೆ ಅನುಕೂಲ. ಅವರೇ ಇವಳಿಗೆ ಹೇಳಿಕೊಟ್ಟು ನಲ್ಲಿ ನೀರು ತುಂಬಿಸಿದ್ದಾರೆ ಅಂದುಕೊಂಡೆ. ಮರುದಿನ ಉರಿಬಿಸಿಲಲ್ಲಿ ಮತ್ತೆ ಹೋದೆ. ಬಾಟಲಿ, ಬಿಂದಿಗೆ ಎರಡನ್ನೂ ನಾನೇ ತೊಳೆದೆ. ಅವಳ ಸೆರಗು ಕೂಡ ಕೊಡವಿಸಿ ನೋಡಿದೆ. ಪೊಲೀಸರೂ ಅಷ್ಟು ನೋಡುತ್ತಿರಲಿಲ್ಲ. ಅದೇ ಹಗ್ಗ, ಅದೇ ಬಿಂದಿಗೆ. ಮೊದಲು ನಾನು ಸೇದಿದೆ, ಹಿಂದೆಯೇ ಅವಳು. ಎರಡೂ ಬಾಟಲಿ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದೆ. ನನ್ನದು ಹಳದಿ, ಅವಳದು ತಿಳಿ. ಯಾವುದು ಯಾರದೆಂದು ಹೇಳದೆ ಸಹೋದ್ಯೋಗಿಯ ಕೈಲೂ ಮಾಡಿಸಿದೆ. ಅದೇ ಉತ್ತರ.

ಇನ್ನೇನು ಮಾಡಲಿ? ಹೋಗಿ, ನೀನು ಸೇದಿದ್ದರಲ್ಲಿ ಏನೂ ಇಲ್ಲ ಕಣಮ್ಮ ಅಂದೆ. ಅವಳ ಮುಖ ಅರಳಿತು. ಆಗಷ್ಟೇ ಸೇದಿದ ನೀರನ್ನು ಚೊಂಬಿಗೆ ಬಗ್ಗಿಸಿ ನನ್ನ ಕೈಗಿಟ್ಟಳು. ನನಗೋ ಗಂಟಲು ಒಣಗಿತ್ತು. ಚೊಂಬು ಬಾಯಿಯ ಹತ್ತಿರ ಬಂತು, ಆದರೆ ಕುಡಿಯಲಾಗಲಿಲ್ಲ. ಈಗಷ್ಟೇ ಕಾಫಿ ಕುಡಿದೆ ಎಂದು ಸುಳ್ಳು ಹೇಳಿ ಕೆಳಗಿಟ್ಟೆ.

ಸಾಕಮ್ಮ ನನ್ನನ್ನೇ ನೋಡಿದಳು. “ನಿಮ್ಗೇ ನಂಬ್ಕೆ ಇಲ್ವಲ್ರವ್ವ. ಇನ್ನ ಮಗೀಗೆ ನಾನೆಂಗ್ ಕುಡುಸ್ಲಿ?”

ಚೊಂಬಿನ ನೀರನ್ನೂ ಕಲಸಿಟ್ಟಿದ್ದ ಹಾಲನ್ನೂ ನುಗ್ಗೆಮರದ ಬುಡಕ್ಕೆ ಚೆಲ್ಲಿಬಿಟ್ಟಳು. ಒಳಗೆ ಕೂಸು ಹಸಿದು ಅಳುತ್ತಿತ್ತು. ನನಗೆ ಅವಮಾನವಾಯಿತು, ಆದರೂ ಬುದ್ಧಿ ಎಲ್ಲಿ ಹೋಗುತ್ತೆ, ಇನ್ನೊಂದು ಬಾಟಲಿ ಸೇದಿಕೊಡು ಎಂದು ಕೇಳಿದೆ. ಸೇದಿಕೊಟ್ಟಳು. ಲ್ಯಾಬಿಗೆ ಬಂದು ನೋಡಿದರೆ ಅದೂ ಹಳದಿ, ನಾನು ಸೇದಿದ್ದರಷ್ಟೇ ಹಳದಿ.

ಹಿಂದಿನ ಎರಡು ಸಲ ಮೋಸ ಮಾಡಿದ್ದಳು ಅನ್ನೋಣವೆಂದರೆ, ಒಂದು ಸಲ ನನ್ನ ಕಣ್ಣೆದುರೇ ಸೇದಿದ್ದಳಲ್ಲ! ಬಾವಿ ಮುಚ್ಚಬೇಕೆಂದು ವರದಿ ಬರೆದೆ, ಮುಚ್ಚಿದರು. ಸಾಕಮ್ಮ ಕೂಸಿಗಾಗಿ ದೂರದ ನಲ್ಲಿಯಿಂದ ನೀರು ಹೊತ್ತಳು. ಕೂಸು ಚೆನ್ನಾಗಿಯೇ ಬೆಳೆಯಿತು. ನಾನು ಮಾಡಿದ್ದು ಸರಿ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಆದರೆ ಅವಳ ಕೈಯಲ್ಲಿ ಅದೇನಿತ್ತು, ನಾನು ಚೊಂಬು ಕೆಳಗಿಟ್ಟ ಮೇಲೆ ಅದೆಲ್ಲಿ ಹೋಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಯಾರ ಮನೆಯಲ್ಲಿ ನೀರು ಕೊಟ್ಟರೂ ತಳ ಬಗ್ಗಿ ನೋಡುವುದಿಲ್ಲ. ಅವರು ನೋಡುತ್ತಿರುವಾಗಲೇ ಕುಡಿದುಬಿಡುತ್ತೇನೆ.