ಬಾಣಂತನಕ್ಕೆ ಬಂದ ಡೇರೆ ಗಡ್ಡೆ

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮನಿಗೆ ಅಂಗಳದ ಕೆಂಪು ಡೇರೆ ಹೂವೆಂದರೆ ಒಡವೆಗಿಂತ ಹೆಚ್ಚು. ಊಟದ ತಟ್ಟೆಯಷ್ಟಗಲ ಅರಳುವ ಆ ಹಳೇ ಡೇರೆಯ ಗಡ್ಡೆಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಕೊಡುವಾಗ ಸೆರಗಿನಲ್ಲಿ ಮಣ್ಣೊರೆಸಿ, “ಮಗಳನ್ನ ಕೊಡ್ತಿದೀನಿ ಕಣೇ, ಚೆನ್ನಾಗಿ ನೋಡ್ಕೋ” ಎನ್ನುತ್ತಿದ್ದರು. ಹೂ ಬಿಡುವ ಹೊತ್ತಿಗೆ ಬಂದು ನೋಡಿಯೂ ಹೋಗುತ್ತಿದ್ದರು.

ಒಂದು ವರ್ಷ ಮುಳ್ಳುಹಂದಿ ಅವರ ಗಡ್ಡೆಗಳನ್ನೆಲ್ಲ ಅಗೆದು ತಿಂದುಹಾಕಿತು. ದೊಡ್ಡಮ್ಮ ಯಾರ ಮುಂದೂ ಕೈಚಾಚಿದವರಲ್ಲ. ಅಂಗಳ ಖಾಲಿಯೇ ಉಳಿಯಿತು. ಹಿಂದೆ ಅವರೇ ಕೊಟ್ಟು ನಮ್ಮನೆಯಲ್ಲಿ ಬೆಳೆದಿದ್ದ ಡೇರೆಯದೊಂದು ಗಡ್ಡೆಯನ್ನು ನಾನೇ ಒಯ್ದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

“ಕೊಟ್ಟದ್ದನ್ನ ವಾಪಸ್ ತಗೊಳ್ತಾರೇನೇ?”

“ವಾಪಸ್ಸಲ್ಲ ದೊಡ್ಡಮ್ಮ, ಮಗಳು ಬಾಣಂತನಕ್ಕೆ ಬಂದಿದಾಳೆ.”

ದೊಡ್ಡಮ್ಮ ಸೆರಗೊಡ್ಡಿದರು.

“ಹಂಗಾದ್ರೆ ಸರಿ. ಮುಂದಿನ ವರ್ಷ ಮಕ್ಕಳ ಸಮೇತ ಕಳಿಸ್ತೀನಿ. ಕರ್ಕೊಂಡು ಹೋಗಕ್ಕೆ ದೊಡ್ಡ ಬುಟ್ಟಿನೇ ತಗೊಂಬಾ!”