ಊಟದ ಮನೆಗೆ ಬಂದ ಸಮುದ್ರ

ಹೊಟ್ಟೆಕಿಚ್ಚು ತನುಜಾಳ ಹುಟ್ಟುಗುಣವೇನಲ್ಲ. ಪಕ್ಕದ ಮನೆಯವರು ಹೊಸ ಕಾರು ತಂದಾಗ ಆರತಿ ತಟ್ಟೆ ಹಿಡಿದು ಮೊದಲು ಓಡಿದವಳು ಅವಳೇ. ತಂಗಿಯ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಾಗ ಬೀದಿಗೆಲ್ಲ ಸಕ್ಕರೆ ಹಂಚಿದಳು. ಆದರೆ ವಾರಗಿತ್ತಿ ಭುವನಾಳ ಊಟದ ಮನೆ ನೋಡಿ ಬಂದ ದಿನ ಅವಳ ಹೊಟ್ಟೆಯಲ್ಲಿ ಬಿದ್ದ ಕಿಡಿ ಮಾತ್ರ ಎಷ್ಟು ಮಜ್ಜಿಗೆ ಕುಡಿದರೂ ಆರಲಿಲ್ಲ.

ತನುಜಾ ಹಿರಿಸೊಸೆ. ಗಂಡ ಪರಮೇಶ್ವರಪ್ಪನವರಿಗೆ ಆಲ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ, ಸ್ಪ್ರೇಯರು, ಮೋಟಾರಿನ ಅಂಗಡಿ. ಅಂಗಡಿಯಲ್ಲಿ ಹಿಡಿಸದ್ದೆಲ್ಲ ಬಂದು ಕೂರುವುದು ಮನೆಯ ಊಟದ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಪಂಪಿನ ಡಬ್ಬಗಳು, ಇನ್ನೊಂದು ಮೂಲೆಯಲ್ಲಿ ಪೈಪಿನ ಸುರುಳಿ, ನಡುವೆ ಪ್ಲಾಸ್ಟಿಕ್ ಹಾಸಿದ ಟೇಬಲ್ಲು. ಹಾಗಿದ್ದರೂ ಪ್ರತಿ ಬೇಸಿಗೆಯಲ್ಲಿ ಮಾವನವರ ಪುಣ್ಯಸ್ಮರಣೆಯ ದಿನ ಆ ಡಬ್ಬಗಳನ್ನೆಲ್ಲ ಜಗಲಿಗೆ ಸಾಗಿಸಿ, ನೆಲ ತಿಕ್ಕಿ, ಇಡೀ ಬಳಗಕ್ಕೆ ಅಲ್ಲೇ ಎಲೆ ಹಾಕುತ್ತಿದ್ದಳು. ಅಕ್ಕಿ ಶಾವಿಗೆ ಒತ್ತಿ, ಕಾಯಿಹಾಲು ಹಿಂಡಿ, ಪ್ರತಿ ಎಲೆಗೂ ತಾನೇ ಬಡಿಸಬೇಕು. 'ತನುಜಕ್ಕ ಬಡಿಸಿದ್ರೇನೇ ಊಟ' ಎಂದು ನಾಲ್ಕು ಜನ ಅನ್ನುವುದನ್ನು ಕೇಳಲು ವರ್ಷವಿಡೀ ಕಾಯುತ್ತಿದ್ದಳು. ಅವಳಿಗೆ ಅಂತ ಇದ್ದದ್ದು ಅದೊಂದೇ.

ಈ ಸಲ ಅದಕ್ಕೂ ಕಲ್ಲು ಬಿತ್ತು. ಚಿಕ್ಕಮಗಳೂರಿನಲ್ಲಿರುವ ಮೈದುನ ಶಶಿಕಿರಣ್, ಅವನ ಹೆಂಡತಿ ಭುವನಾ ಇಬ್ಬರೂ ಬಂದು ಅತ್ತೆ ಮುದ್ದಮ್ಮನವರ ಕಾಲ ಬುಡದಲ್ಲೇ ಕೂತರು.

"ಅತ್ತೆ, ಊಟದ ಮನೆ ಹೊಸದಾಗಿ ಮಾಡ್ಸಿದೀವಿ. ಈ ವರ್ಷ ಮಾವನವರ ಊಟ ನಮ್ಮಲ್ಲಿ ಆಗ್ಲಿ. ಅಕ್ಕನಿಗೂ ಒಂದ್ಸಲ ಕೂತು ಉಣ್ಣೋ ಹಾಗಾಗ್ತದೆ."

ಮುದ್ದಮ್ಮ ಒಂದು ಕ್ಷಣವೂ ಯೋಚಿಸದೆ "ಆಗ್ಲಿ ಬಿಡ್ರೇ" ಎಂದುಬಿಟ್ಟರು. ಕೂತು ಉಣ್ಣುವುದಂತೆ! ತನುಜಾ ಒಳಗೆ ಹೋಗಿ ಸೌಟನ್ನು ಸಿಂಕಿಗೆ ಎಸೆದ ಸದ್ದು ಜಗಲಿಗೂ ಕೇಳಿಸಿತು. ಒಮ್ಮೆ ಅಲ್ಲಿಗೆ ಹೋದ ಊಟ ಪಂಪಿನ ಡಬ್ಬಗಳ ನಡುವೆ ಮತ್ತೆ ಬರುತ್ತದೆಯೇ?

ಊಟದ ಹಿಂದಿನ ವಾರ ಸಹಾಯಕ್ಕೆಂದು ತನುಜಾ ಚಿಕ್ಕಮಗಳೂರಿಗೆ ಹೋದಳು. ಸಹಾಯ ಬರೀ ನೆಪ, ನೋಡಬೇಕಿತ್ತು ಅಷ್ಟೇ. ನೋಡಿದಳು, ಕಣ್ಣು ಕುಕ್ಕಿತು. ಒಂದು ಗೋಡೆಗೆ ಸಮುದ್ರದ ನೀಲಿ, ಎದುರು ಗೋಡೆಗೆ ದೊಡ್ಡ ದೊಡ್ಡ ಹಸಿರೆಲೆಗಳ ಕಾಗದ. ಬಿಳಿ ಬಣ್ಣದ ಉದ್ದನೆಯ ಟೇಬಲ್ಲು, ಸುತ್ತ ಬೆತ್ತದ ಕುರ್ಚಿಗಳು, ಹಗ್ಗ ಸುತ್ತಿದ ದೀಪಗಳು, ಗಾಜಿನ ಬಟ್ಟಲಿನಲ್ಲಿ ಕಪ್ಪೆಚಿಪ್ಪು.

"ಮಲ್ಪೆಯ ರೆಸಾರ್ಟಲ್ಲಿ ನೋಡಿದ್ದು ಅಕ್ಕಾ. ಟ್ರಾಪಿಕಲ್ಲು, ಕೋಸ್ಟಲ್ಲು ಎರಡೂ ಬೆರೆಸಿ ಮಾಡ್ಸಿದೀವಿ."

"ಅಂದ್ರೆ ಎಂತದು ಮಾರಾಯ್ತಿ?"

"ಕಾಡು ಮತ್ತೆ ಕಡಲು ಅನ್ನಿ."

ಕಾಡಂತೆ! ಮೂಲೆಯ ಪಿಂಗಾಣಿ ಕುಂಡದಲ್ಲಿ ಠೀವಿಯಿಂದ ನಿಂತಿದ್ದದ್ದು ಕೆಸ. ಆಲ್ದೂರಿನಲ್ಲಿ ತನುಜಾಳ ಬಚ್ಚಲ ಹಿಂದೆ ಕತ್ತಿ ಹಿಡಿದು ಸವರಿದರೂ ಬಿಡದೆ ಬೆಳೆಯುವ ಅದೇ ಕೆಸ. ಇಲ್ಲಿ ಅದಕ್ಕೆ ದಿನಾ ಎಲೆ ಒರೆಸುವ ಸೇವೆ. ನಗಬೇಕೆಂದು ನೋಡಿದಳು, ನಗು ಬರಲಿಲ್ಲ. ಯಾಕೆಂದರೆ ಇಲ್ಲಿ ಆ ಕೆಸವೂ ಚೆಂದ ಕಾಣುತ್ತಿತ್ತು. ಹಾಳಾದ್ದು!

ಆಗ ಎರಡು ಸಂಗತಿ ಅವಳ ಕಣ್ಣಿಗೆ ಬಿದ್ದವು. ಒಂದು, ಬೆತ್ತದ ಕುರ್ಚಿಗಳಿಗೆ ವಾರ್ನಿಷ್ ಇಲ್ಲ. ಹಸಿ ಬೆತ್ತ ಹಾಗೇ ಇದ್ದರೆ ಈ ಕಡೆಯ ಮಳೆಗಾಲಕ್ಕೆ ಬೂಸ್ಟು ಹಿಡಿದು ಬೆಳ್ಳಗಾಗುತ್ತದೆ. ಹಿಡಿಯಲಿ, ಚೆನ್ನಾಗಿ ಹಿಡಿಯಲಿ ಎಂದುಕೊಂಡಳು. ಇನ್ನೊಂದು, ನೀಲಿ ಗೋಡೆಯ ತುಂಬ ಹರಡಿದ್ದ ಬಲೆ. ಮೀನಿನ ಬಲೆ.

ಮುದ್ದಮ್ಮನವರೋ, ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಒಣಮೀನಿನ ವಾಸನೆ ಬಂದರೆ ಅಲ್ಲೇ ಇಳಿದು ಮುಂದಿನ ಬಸ್ಸು ಕಾಯುವ ಹೆಂಗಸು. ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಅವರು ಈ ಬಲೆಯ ಕೆಳಗೆ ಎಲೆ ಮುಂದೆ ಕೂರುತ್ತಾರೆಯೇ?

ಭುವನಾಳಿಗೂ ಒಂದಿಷ್ಟು ಅಳುಕಿತ್ತು. "ಅಕ್ಕಾ, ಈ ಬಲೆ ನೋಡಿ ಅತ್ತೆ ಎಂತಾದ್ರೂ ಅಂತಾರಾ? ನೀವು ಹೇಳಿದ್ರೆ ಈಗ್ಲೇ ತೆಗೀತೀನಿ."

ತನುಜಾ ಬಲೆಯನ್ನೊಮ್ಮೆ ಬೆರಳಲ್ಲಿ ಎಳೆದು ನೋಡಿದಳು. "ಏ, ಏನೂ ಅನ್ನಲ್ಲ ಬಿಡು. ಚೆನ್ನಾಗಿದೆ, ಇರ್ಲಿ."

ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದಳು.

ಊಟದ ದಿನ ಬಳಗವೆಲ್ಲ ನೆರೆಯಿತು. ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು, ಫೋಟೋ ತೆಗೆದದ್ದೇ ತೆಗೆದದ್ದು. ತನುಜಾ ಒತ್ತಿದ ಶಾವಿಗೆ ಅಡಿಗೆಮನೆಯಲ್ಲಿ ಆರುತ್ತಿತ್ತು, ಅದನ್ನು ಕೇಳುವವರಿಲ್ಲ. ಇರಲಿ, ಇನ್ನೇನು ಅತ್ತೆ ಬರುತ್ತಾರೆ ಎಂದು ಅವಳು ಬಾಗಿಲಿಗೆ ಒರಗಿ ನಿಂತಳು.

ಮುದ್ದಮ್ಮ ಪೂಜೆ ಮುಗಿಸಿ ಬಂದವರು ಟೇಬಲ್ಲಿನ ಮುಂದೆ ನಿಂತೇಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಗೋಡೆ ನೋಡಿದರು.

"ಇದು ಮೀನು ಹಿಡಿಯೋ ಬಲೆ ಅಲ್ವೇನ್ರೇ?"

ಭುವನಾಳ ಮುಖ ಬಿಳಿಚಿಕೊಂಡಿತು. ತನುಜಾ ಒಳಗೊಳಗೇ ಹಿಗ್ಗಿದಳು. ಈಗ ಬೈಗುಳ ಶುರು, ಈಗ ಹೊರಟೇಬಿಟ್ಟರು ಎಂದು ಕಾಯುತ್ತಿದ್ದಳು. ಆದರೆ ಮುದ್ದಮ್ಮ ತಿರುಗಿದ್ದು ಭುವನಾಳ ಕಡೆಗಲ್ಲ.

"ತನುಜಾ, ಹೋದ ವಾರ ಬಂದು ನೋಡ್ಕಂಡು ಹೋದವಳು ನೀನು. ನಿನ್ನ ಕಣ್ಣಿಗೆ ಬೀಳ್ಲಿಲ್ವಾ ಇದು? ಇವಳು ಚಿಕ್ಕವಳು, ಗೊತ್ತಾಗಲ್ಲ. ಹಿರಿಸೊಸೆ ಅಂತ ನೀನು ಯಾಕಿದೀಯ ಮತ್ತೆ?"

ಬಳಗದ ಕಣ್ಣೆಲ್ಲ ತನುಜಾಳ ಮೇಲೆ. ಭುವನಾ ಒಂದು ಕ್ಷಣ ಅವಳನ್ನೇ ದಿಟ್ಟಿಸಿದಳು. ಆಮೇಲೆ ಮುಂದೆ ಬಂದಳು.

"ಅಕ್ಕಂದೇನೂ ತಪ್ಪಿಲ್ಲ ಅತ್ತೆ. ಅವ್ರು ಆವತ್ತೇ ಬೇಡ ಅಂದ್ರು. ನಾನೇ ಆಸೆಗೆ ಬಿದ್ದು ಬಿಟ್ಕಂಡೆ."

"ಹಂಗೆ ಹೇಳು ಮತ್ತೆ. ನಮ್ಮ ತನುಜಾ ಸುಮ್ನೆ ಇರೋಳಲ್ಲ." ಮುದ್ದಮ್ಮ ಸಮಾಧಾನಗೊಂಡರು. "ತೆಗೀರಿ ಅದನ್ನ."

ತನುಜಾಳೇ ಕುರ್ಚಿ ಹತ್ತಿ ಬಲೆ ಬಿಡಿಸಿದಳು. ಅದು ಅವಳ ಬಳೆಗೇ ಸಿಕ್ಕಿಕೊಂಡಿತು. ಮುದ್ದಮ್ಮ ಕೂತು, ನೀಲಿ ಗೋಡೆ ನೋಡುತ್ತಲೇ ಎರಡು ಸಲ ಶಾವಿಗೆ ಹಾಕಿಸಿಕೊಂಡು ಉಂಡರು. ಕೈ ತೊಳೆಯಲು ಏಳುವಾಗ ತೀರ್ಮಾನವನ್ನೂ ಹೇಳಿದರು.

"ಕೋಣೆ ಚೆನ್ನಾಗೇ ಇದೆ. ಆದ್ರೂ ಬರೋ ವರ್ಷ ಆಲ್ದೂರಲ್ಲೇ ಆಗ್ಲಿ. ತನುಜಾ ಇರೋ ಕಡೆ ಇಂಥ ಎಡವಟ್ಟು ಆಗಲ್ಲ."

ಬೇಕಾದದ್ದು ಸಿಕ್ಕಿತ್ತು. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ತನುಜಾಳಿಗಿರಲಿಲ್ಲ, ಆಗ್ಲಿ ಅತ್ತೆ ಎಂದಳು. ಆದರೆ ಮನಸ್ಸು ಮಾತ್ರ ಹಗುರಾಗಲಿಲ್ಲ.

ಅಡಿಗೆಮನೆಯಲ್ಲಿ ಭುವನಾ ಒಬ್ಬಳೇ ಸಿಕ್ಕಾಗ ತನುಜಾ ತಡೆಯಲಾರದೆ ಕೇಳಿದಳು. "ಯಾಕೇ ಸುಳ್ಳು ಹೇಳ್ದೆ?"

"ಮತ್ತೆಂತ ಮಾಡ್ಲಿ ಅಕ್ಕಾ? ಅಷ್ಟು ಜನರ ಮುಂದೆ ನಿಮಗೆ ಅನ್ನೋದನ್ನ ನೋಡ್ಕಂಡು ಇರ್ಲಾ? ನಿಮಗೂ ಹೊಳೆದಿರಲ್ಲ ಪಾಪ."

ಪಾಪ! ನಿಜವಾಗಿ ನಂಬಿದ್ದಾಳೋ, ತಿಳಿದೇ ಬಿಟ್ಟುಕೊಟ್ಟಳೋ, ಆ ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಜಗಳಕ್ಕೆ ಬಂದಿದ್ದರೆ ತನುಜಾ ಎರಡು ಮಾತು ಜಾಸ್ತಿಯೇ ಆಡುತ್ತಿದ್ದಳು. ಇವಳ ಮನೆ ಚೆಂದ, ಸೀರೆ ಚೆಂದ, ಸಾಲದ್ದಕ್ಕೆ ಒಳ್ಳೆಯತನದಲ್ಲೂ ಇವಳೇ ಮುಂದೆ. ಅದು ಕೆಸದ ಕುಂಡಕ್ಕಿಂತ ಹೆಚ್ಚು ಉರಿಸಿತು. ಈ ಋಣ ಇಟ್ಟುಕೊಂಡು ಮನೆಗೆ ಹೋಗುವುದು ಸಾಧ್ಯವೇ ಇಲ್ಲ ಅನ್ನಿಸಿತು.

ಹೊರಡುವಾಗ ತನುಜಾ ಗೇಟಿನ ತನಕ ಹೋದವಳು ವಾಪಸ್ಸು ಬಂದಳು.

"ನೋಡು, ಆ ಬೆತ್ತದ ಕುರ್ಚಿಗೆ ಮಳೆ ಹಿಡಿಯೋಕೆ ಮುಂಚೆ ವಾರ್ನಿಷ್ ಹೊಡ್ಸು. ಇಲ್ದಿದ್ರೆ ಬೂಸ್ಟು ಹಿಡೀತದೆ."

"ಅಯ್ಯೋ, ಹೌದಾ ಅಕ್ಕಾ? ಒಳ್ಳೇದಾಯ್ತು ಹೇಳಿದ್ದು!" ಭುವನಾ ಅವಳ ಎರಡೂ ಕೈ ಹಿಡಿದುಕೊಂಡಳು.

ಕಾರು ಊರು ದಾಟಿತು. ಮುದ್ದಮ್ಮ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಪರಮೇಶ್ವರಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದರು.

"ಊಟ ಮತ್ತೆ ನಮ್ಮನೆಗೇ ಬಂತಲ್ಲ ಮಾರಾಯ್ತಿ, ಇನ್ನೆಂತಕ್ಕೆ ಮುಖ ಊದಿಸ್ಕಂಡು ಕೂತಿದೀಯ?"

"ಸುಮ್ನೆ ಗಾಡಿ ಓಡ್ಸಿ ನೀವು" ಎಂದಳು ತನುಜಾ. ಆ ವಾರ್ನಿಷಿನ ಮಾತೊಂದನ್ನು ಹೇಳಬಾರದಿತ್ತು ಎಂದು ಆಲ್ದೂರು ಬರುವ ತನಕ ತನ್ನನ್ನೇ ಬೈದುಕೊಳ್ಳುತ್ತಿದ್ದಳು.