ಗರಗಸ ಭಾವ ಸಭೆಗೆ ಹೋದದ್ದು

ನಮ್ಮ ಅಕ್ಕನ ಗಂಡನನ್ನು ಊರೆಲ್ಲ ಗರಗಸ ಎಂದು ಕರೆಯುತ್ತದೆ. ಮರ ಕೊಯ್ಯುವವನೆಂದಲ್ಲ, ಮಾತಿನಲ್ಲಿ ಜನರನ್ನು ಕೊಯ್ಯುವವನೆಂದು. ನೀರು ಕಾದಿದೆಯೇ ಎಂದು ಕೇಳಿದರೆ ಸೌದೆ ಹುಟ್ಟಿದ ಕಡೆಯಿಂದ ಶುರು ಮಾಡುತ್ತಾನೆ. ಅವನು ಎದುರಿಗೆ ಕಂಡರೆ ಗಟ್ಟಿಮುಟ್ಟಾದ ಆಳುಗಳೂ ಕಾಲಿಗೆ ಮುಳ್ಳು ಹೊಕ್ಕಂತೆ ಕುಂಟುತ್ತಾ ದಾರಿ ಬದಲಿಸುತ್ತಾರೆ. ಸಂಬಂಧ ಕೇಳಲು ಬಂದ ದಿನ ಅವನಿಗೆ ಹಲ್ಲುನೋವಿತ್ತಂತೆ. ತುಟಿ ಎರಡು ಮಾಡಲಿಲ್ಲ. ಗಂಭೀರ ಹುಡುಗ ಎಂದು ನಮ್ಮಪ್ಪ ಒಪ್ಪಿಬಿಟ್ಟ.

ನಾವು ಕಾಡಿನ ಜನ. ನಮ್ಮ ಕಾಡಿನಲ್ಲಿ ಗಂಧ ತಾನಾಗಿ ಬೆಳೆಯುತ್ತದೆ. ಅದು ಮನೆಅಳಿಯನಂಥ ಮರ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಉಂಡು, ಪರಿಮಳ ಮಾತ್ರ ತನ್ನದೆನ್ನುತ್ತದೆ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಾತನ ಕಾಲದಲ್ಲಿ ನಮ್ಮವರೇ ಹೇಳುತ್ತಿದ್ದರು. ಆಮೇಲೆ ಅರಣ್ಯದ ಕಚೇರಿ ಬಂತು, ಅದರ ಹಿಂದೆ ಟೇಪು ಬಂತು. ಟೇಪು ಸುತ್ತಿ, ದಪ್ಪ ಇದ್ದದ್ದಕ್ಕೆಲ್ಲ ಕೆಂಪು ಬಣ್ಣ ಬಳಿದು, ಬೇರು ಸಮೇತ ಎಳೆದುಹಾಕುವುದು ಅವರ ಲೆಕ್ಕಾಚಾರ. ಎಷ್ಟೋ ವರ್ಷದ ಮೇಲೆ ಮೇಲಿನವರಿಗೆ ಬುದ್ಧಿ ಬಂದು, ಮರ ಕೀಳುವ ಸಮಿತಿಯಲ್ಲಿ ನಮ್ಮವನೊಬ್ಬ ಇರಬೇಕೆಂದು ನಿಯಮ ಮಾಡಿದರು.

ಯಾರು ಹೋಗಬೇಕು? ಎಲ್ಲರೂ ಕಾಲುಬೆರಳು ನೋಡುತ್ತಾ ಕೂತರು. ಅಕ್ಕ ಹೇಳಿದಳು: "ನಮ್ಮನೆಯೋರನ್ನ ಕಳಿಸ್ರೋ. ನನ್ನ ಕಿವಿನೂ ಒಂದಿನ ತಣ್ಣಗಿರ್ಲಿ."

ಒಂದು ಸೀನು ಸೀನುವಷ್ಟರಲ್ಲಿ ತೀರ್ಮಾನವಾಯಿತು. ಕಾಡಿನ ಹಣೆಬರಹವನ್ನು ಅಕ್ಕನ ಕಿವಿಯ ಸುಖಕ್ಕೆ ಕಟ್ಟಿದೆವು. ನಾನೂ ಕೈ ಎತ್ತಿದವನೇ.

ಎರಡು ವರ್ಷ ಭಾವ ಹೋದ. ಚಹಾ, ಎರಡು ಬಿಸ್ಕತ್ತು, ಹೆಬ್ಬೆಟ್ಟು, ಮನೆಗೆ. "ಬಾಯಿ ತೆಗೆದ್ರೆ ಸಾಕು, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ತಾರೆ ಕಣೋ" ಎಂದು ಗೋಳಾಡಿ, ಅಲ್ಲಿ ಉಳಿದ ಮಾತನ್ನೆಲ್ಲ ನಮ್ಮ ಮೇಲೆ ಸುರಿಯುತ್ತಿದ್ದ.

ಮೂರನೆಯ ವರ್ಷ ದಿಬ್ಬದ ಮೇಲಿನ ಮೂವತ್ತೊಂದು ಮರಗಳಿಗೆ ಕೆಂಪು ಬಿತ್ತು. ಅವು ಬೀಜದ ತಾಯಂದಿರು. ಇಳಿಜಾರಿನ ಸಸಿಗಳೆಲ್ಲ ಅವುಗಳ ಮಕ್ಕಳು. ಅವು ಹೋದರೆ ಆಮೇಲೆ ಆ ಕಾಡಿನಲ್ಲಿ ಗಂಧದ ಹೆಸರು ಮಾತ್ರ ಉಳಿಯುತ್ತಿತ್ತು. ಸಮಿತಿಯಲ್ಲಿ ಅವರು ಐವರು, ನಮ್ಮವನು ಒಬ್ಬ. ನಾನು ಅವರ ನಿಯಮದ ಪುಸ್ತಕ ತಂದು ಅಕ್ಷರ ಅಕ್ಷರ ಬಿಡಿಸಿ ಓದಿದೆ. ಸದಸ್ಯನ ಮಾತು ಮುಗಿಯುವವರೆಗೆ ಯಾರೂ ತಡೆಯಬಾರದು, ಆಡಿದ್ದೆಲ್ಲ ಬರಹದಲ್ಲಿರಬೇಕು, ಸಂಜೆ ಐದರೊಳಗೆ ತೀರ್ಮಾನವಾಗದ ವಿಷಯ ಮುಂದಿನ ವರ್ಷಕ್ಕೆ.

"ಭಾವ, ನಾಳೆ ಐದು ಗಂಟೆವರೆಗೂ ನೀನು ಮಾತಾಡ್ಬೇಕು" ಎಂದೆ.

"ತಮಾಷೆ ಮಾಡ್ತಿಲ್ಲ ತಾನೆ?" ಎಂದ. ಕಣ್ಣು ಒದ್ದೆಯಾಗಿತ್ತು. ಹುಟ್ಟಿದಾರಭ್ಯ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಮರುದಿನ ಅರಣ್ಯ ಕಚೇರಿಯ ಬಾಗಿಲ ಬಳಿಯ ಬೆಂಚಿನಲ್ಲಿ ನಾನು ಕೂತೆ. ಹನ್ನೊಂದೂವರೆಗೆ ಸಭೆ ನಡೆಸುವ ಸಾಹೇಬರು ಕಡತ ತೆರೆದರು. "ದಿಬ್ಬದ ಮೂವತ್ತೊಂದು ಮರ. ಯಾರದೂ ತಕರಾರಿಲ್ವಲ್ಲ?"

ಭಾವ ಎದ್ದ. "ನಂದೊಂದು ಮಾತಿದೆ ಸ್ವಾಮಿ."

"ಒಂದೇ ತಾನೆ?"

"ಮರಕ್ಕೊಂದು."

ಶುರುವಾಯಿತು. ಮೊದಲನೆಯ ಮರ ಯಾವ ಪೊದೆಯ ಬೇರು ಹಿಡಿದಿದೆ, ಎಷ್ಟು ವರ್ಷಕ್ಕೊಮ್ಮೆ ಕಾಯಿ ಹೆಚ್ಚು, ಅದರ ಚಿಗುರು ತಿಂದ ಮೇಕೆ ಯಾರದು, ಆ ಮೇಕೆಯವನ ಮಂಡಿನೋವು, ಮಂಡಿಗೆ ಹಚ್ಚಿದ ಎಣ್ಣೆ, ಮತ್ತೆ ಮರ. ಬಿಸ್ಕತ್ತಿನ ತಟ್ಟೆ ಮೂರು ಸಲ ಮುಂದೆ ಬಂತು. ಭಾವ ತಿನ್ನುತ್ತಲೇ ಮಾತಾಡಿದ. ಒಬ್ಬ ಅಧಿಕಾರಿ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ. ಇನ್ನೊಬ್ಬ ಫೋನು ಬಂತೆಂದು ಎದ್ದುಹೋದ. ಕಿಟಕಿಯಿಂದ ನೋಡಿದರೆ ಮೋರಿಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ.

ಪಾಪ, ಆಡಿದ್ದೆಲ್ಲ ಬರೆದುಕೊಳ್ಳಬೇಕಾದವನು ಗುಮಾಸ್ತ. "ಅಣ್ಣಾ, ಮೇಕೆ ವಿಷಯಾನೂ ಬರೀಲಾ?"

"ಮೇಕೆ ಬಿಟ್ರೆ ಕೊಂಬೆ ಯಾಕೆ ಸೊಟ್ಟ ಅಂತ ಹೆಂಗೆ ಗೊತ್ತಾಗುತ್ತಪ್ಪಾ?"

ಗುಮಾಸ್ತ ಬೆರಳಿನ ನೆಟಿಗೆ ಮುರಿದುಕೊಂಡು ಬರೆದ.

ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಹತ್ತೊಂಬತ್ತನೆಯ ಮರದ ಕಥೆಯ ನಡುವೆ ಭಾವನ ಗಂಟಲು ಕೈಕೊಟ್ಟಿತು. ಬರೀ ಉಸಿರು, ಸದ್ದಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಬಾರದ ಮೌನ ಇವತ್ತೇ ಬರಬೇಕೇ!

ಸಾಹೇಬರಿಗೆ ಜೀವ ಬಂತು. "ಮಾತು ಮುಗೀತು. ಹಾಗಾದ್ರೆ ಕೈ ಎತ್ತಿ..."

"ಸಾರ್, ಮುಗಿದಿಲ್ಲ" ಎಂದ ಗುಮಾಸ್ತ. "ಬೇರಿನ ಪೊಟರೆಗೆ ನರಿ ಹೊಕ್ಕಿದೆ. ಹಿಂದೆ ನಾಯಿ ಬಂದಿದೆ. ಆಮೇಲೆ?"

"ಹೌದು, ನರಿ ಏನಾಯ್ತು?" ಎಂದ ಪೆನ್ಸಿಲಿನವನು.

"ಅದು ಬಸುರಿ ಬೇರೆ" ಎಂದ ಮತ್ತೊಬ್ಬ, ಸಾಹೇಬರೇ ತಪ್ಪಿತಸ್ಥರೆಂಬಂತೆ ಅವರನ್ನು ನೋಡುತ್ತಾ.

ಯಾರೋ ಬಿಸಿನೀರು ತಂದರು. ಭಾವ ಎರಡು ಗುಟುಕು ಕುಡಿದ, ಕೆಮ್ಮಿದ, ನರಿಯನ್ನು ಬದುಕಿಸಿದ. ಮೋರಿಕಟ್ಟೆಯವನೂ ಒಳಗೆ ಬಂದು ಕೂತ. ಇಪ್ಪತ್ತಾರನೆಯ ಮರದ ನೆರಳಿನಲ್ಲಿ ಎಲ್ಲರೂ ಇದ್ದಾಗ ಗೋಡೆಯ ಗಡಿಯಾರ ಐದು ಹೊಡೆಯಿತು.

ಸಾಹೇಬರು ಗುಮಾಸ್ತನ ಹಾಳೆಗಳನ್ನು ಮಗುಚಿದರು. ಅರವತ್ತೆರಡು. ಕಚೇರಿಯ ಕಡತದಲ್ಲಿದ್ದದ್ದು ಬರೀ ಮರದ ದಪ್ಪ. ಇಲ್ಲಿ ಭಾವ ಹೇಳಿದ ಪ್ರತಿ ಮರದ ಕಾಯಿ, ಬೇರು, ನೆರೆಹೊರೆ ಎಲ್ಲ ಇತ್ತು. "ಇಷ್ಟೆಲ್ಲ ಗೊತ್ತಿದ್ದವರು ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಬಾಯಿ ತುಂಬ ಬಿಸ್ಕತ್ತಿತ್ತಲ್ಲ ಸ್ವಾಮಿ."

ಸಾಹೇಬರು ನಗಲೂ ಆಗದೆ, ಅಳಲೂ ಆಗದೆ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಮುಂದಿನ ಸಭೆಯಲ್ಲಿ ಅವರೇ ಠರಾವು ತಂದರು: ಯಾವ ಮರ ಕೀಳಬೇಕೆಂದು ಇನ್ನು ಮೇಲೆ ಕಾಡಿನವರೇ ಗುರುತು ಹಾಕಲಿ, ಕಾರಣವನ್ನು ಮರದ ಬುಡದಲ್ಲೇ ಹೇಳಲಿ, ಸಭೆಯಲ್ಲಿ ಖಂಡಿತ ಬೇಡ. ಐದು ಕೈಗಳೂ ಒಟ್ಟಿಗೇ ಮೇಲೆದ್ದವು.

ಈ ವರ್ಷ ಬಣ್ಣದ ಕುಂಚ ಭಾವನ ಕೈಗೆ ಬಂತು. ಒಣಗಿದ್ದು ಮೂರು, ಕಾಯಿ ಬಿಡುವುದು ನಿಂತ ಮುದಿಮರ ಆರು, ಒಟ್ಟು ಒಂಬತ್ತಕ್ಕೆ ಗುರುತು ಹಾಕಬೇಕಿತ್ತು. ಅರ್ಧ ದಿನದ ಕೆಲಸ. ಕಾರಣ ಕೇಳಲು ಕಚೇರಿಯಿಂದ ತಾನಾಗಿ ಬಂದವನು ಗುಮಾಸ್ತನೊಬ್ಬನೇ, ಹೊಸ ಪುಸ್ತಕ, ನಾಲ್ಕು ಪೆನ್ನು ಹಿಡಿದು. ನಾನು ಡಬ್ಬಿ ಹಿಡಿದು ನಿಂತೆ. ಆರನೆಯ ದಿನ ಐದನೆಯ ಮರ ಮುಟ್ಟಿದೆವು. ಅಷ್ಟರಲ್ಲಿ ಡಬ್ಬಿಯ ಬಣ್ಣ ಎರಡು ಸಲ ಒಣಗಿತ್ತು.